ಕುರಿಯ ಜಂತುಹುಳಕ್ಕೆ ಓಮದೆಣ್ಣೆ, ಲವಂಗದೆಣ್ಣೆ: ಎಷ್ಟು ಕುಡಿಸಬೇಕು?

ಪ್ರಶ್ನೆ: ಹೆಸರಘಟ್ಟದ ಹತ್ತಿರ 24 ಬಂಡೂರು ಕುರಿ ಇವೆ. ಜಂತುಹುಳದ ಔಷಧಿ ಆಲ್ಬೆಂಡಜೋಲ್ ಕುಡಿಸಿ ತಿಂಗಳಾಗಿಲ್ಲ, ಮತ್ತೆ ಹಿಕ್ಕೆ ಮೆತ್ತಗಾಗಿದೆ. ಎರಡಕ್ಕೆ ಗದ್ದದ ಕೆಳಗೆ ನೀರು ಬಾವು. ಚಿಕ್ಕಪೇಟೆಯ ಗ್ರಂದಿಗೆ ಅಂಗಡಿಯಲ್ಲಿ ಓಮದೆಣ್ಣೆ, ಲವಂಗದೆಣ್ಣೆ ಸಿಗುತ್ತೆ. ಅಳತೆ ಗೊತ್ತಿದ್ದವರು ಹೇಳಿ.

ಉತ್ತರ 1: ಬಾವು ಬಂದ ಎರಡನ್ನು ಎಣ್ಣೆ ನಂಬಿ ಇಟ್ಕೋಬೇಡಿ ಸರ್. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ. ಒಳಗೆ ಬೆಳ್ಳಗಿದ್ದರೆ ರಕ್ತ ಹೀರುವ ಹೆಮಾಂಕಸ್ ಹುಳ ಇರಬಹುದು, ಇವತ್ತೇ ಡಾಕ್ಟರಿಗೆ ತೋರಿಸಿ. ಹೆಮಾಂಕಸ್ ಒಂದೇ ಆದರೆ ಹಿಕ್ಕೆ ಸಾಮಾನ್ಯವಾಗಿ ಗಟ್ಟಿಯೇ ಇರುತ್ತೆ. ಮೆತ್ತಗಾಗಿದೆ ಅಂದರೆ ಬೇರೆ ಹುಳವೋ ಕಾಕ್ಸಿಡಿಯಾವೋ (ಕರುಳಿನ ಸೂಕ್ಷ್ಮ ಪರಾವಲಂಬಿ) ಜೊತೆಗಿರಬಹುದು. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ಹಿಡಿದರೆ ಉಪಯೋಗವಿಲ್ಲ, ಎರಡೂ ಒಂದೇ ಗುಂಪು, ಒಂದಕ್ಕೆ ಬಗ್ಗದ ಹುಳ ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗಲ್ಲ. ಲೆವಮಿಸೋಲ್ (ಕೆಜಿಗೆ 7.5 ಮಿಗ್ರಾಂ) ಬೇರೆ ಗುಂಪು. ಆದರೆ ಕುರಿಯನ್ನು ತೂಗದೆ ಕೊಡಬೇಡಿ, ಅಳತೆ ಮೀರಿದರೆ ಜೊಲ್ಲು ಸುರಿದು ನಡುಗುತ್ತವೆ.

ಉತ್ತರ 2: ಎಣ್ಣೆಯ ವಿಷಯಕ್ಕೆ ಬರ್ತೀನಿ. ಓಮದಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್. ಲ್ಯಾಬಿನ ತಟ್ಟೆಯಲ್ಲಿ ಇವು ಹುಳದ ಮೊಟ್ಟೆ ಒಡೆದು ಮರಿಯಾಗದಂತೆ ತಡೆಯೋದು ನಿಜ. ಆದರೆ ಅಲ್ಲಿ ಎಣ್ಣೆ ನೇರ ಮೊಟ್ಟೆಗೇ ತಾಗುತ್ತೆ. ಕುರಿಯಲ್ಲಿ ಮೊದಲು ದೊಡ್ಡ ಹೊಟ್ಟೆಯ ಲೀಟರುಗಟ್ಟಲೆ ರಸದಲ್ಲಿ ಕರಗಿ ತೆಳುವಾಗುತ್ತೆ, ಒಂದಷ್ಟು ರಕ್ತಕ್ಕೆ ಹೋಗುತ್ತೆ. ಹುಳ ಕೂತಿರೋ ನಾಲ್ಕನೇ ಹೊಟ್ಟೆಗೆ ಮುಟ್ಟೋದು ಸ್ವಲ್ಪ. ಜಾಸ್ತಿ ಕೊಟ್ಟರೆ ಮೇವು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ, ಕುರಿ ಮೆಲುಕು ಬಿಡುತ್ತೆ. ಅಂಗಡಿ ಎಣ್ಣೆಯಲ್ಲಿ ಥೈಮಾಲ್ ಎಷ್ಟಿದೆ ಅಂತ ಗೊತ್ತಿಲ್ಲದೆ ‘ಇಷ್ಟು ಮಿಲಿ’ ಅನ್ನೋ ಲೆಕ್ಕಕ್ಕೆ ಅರ್ಥವಿಲ್ಲ. ನೀರಿಗೆ ಹಾಕಿದರೂ ಬೆರೆಯಲ್ಲ, ಓಮದೆಣ್ಣೆ ಮೇಲೆ ತೇಲುತ್ತೆ, ಲವಂಗದೆಣ್ಣೆ ತಳಕ್ಕಿಳಿಯುತ್ತೆ: ಒಂದು ಕುರಿಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ. ತಲೆ ಎತ್ತಿ ಹಿಡಿದು ಸುರಿದರಂತೂ ಶ್ವಾಸಕೋಶಕ್ಕೇ ಇಳಿಯಬಹುದು.

ಉತ್ತರ 3: ಯಾವ ಔಷಧಿ ಕೊಟ್ಟರೂ ಹಿಕ್ಕೆಯ ಮೊಟ್ಟೆ ಎಣಿಸದೆ ಗೆದ್ದಿತು ಅನ್ನಬೇಡಿ. 10 ಕುರಿಗೆ ಔಷಧಿ ಕೊಡಿ, ಹೋಲಿಸಿ ನೋಡಲು, ಕಣ್ಣು ಕೆಂಪಗಿದ್ದು ಗಟ್ಟಿಯಾಗಿರೋ 10ಕ್ಕೆ ಬೇಡ. ಮೊದಲ ದಿನ ಮತ್ತು 14ನೇ ದಿನ ಪ್ರತಿ ಕುರಿಯ ಗುದದಿಂದಲೇ 4 ಗ್ರಾಂ ಹಿಕ್ಕೆ ತೆಗೆದು, ಕವರಿನ ಗಾಳಿ ಹಿಂಡಿ, ಫ್ರಿಜ್ಜಲ್ಲಿಡಿ. ಫ್ರೀಜರ್ ಬೇಡ. ಅದನ್ನು 56 ಮಿಲಿ ಗಾಢ ಉಪ್ಪುನೀರಲ್ಲಿ ಕದಡಿ, ಸೋಸಿ, ಮ್ಯಾಕ್‌ಮಾಸ್ಟರ್ ಸ್ಲೈಡಿನ (ಮೊಟ್ಟೆ ಎಣಿಸಲು ಗೆರೆ ಹಾಕಿದ ಗಾಜು) ಎರಡೂ ಕೋಣೆಯ ಮೊಟ್ಟೆ ಎಣಿಸಿ 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಅಂತ ಸಿಗುತ್ತೆ. ಸರಾಸರಿ 1200 ಇದ್ದದ್ದು 700ಕ್ಕೆ ಇಳಿದರೆ 42% ಅಷ್ಟೇ. ಒಳ್ಳೆ ಜಂತುನಾಶಕ 95% ಇಳಿಸಬೇಕು. ಇಲ್ಲೇ ಎಡವೋದು: ಹಿಕ್ಕೆಯನ್ನು ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟರೆ ಮೊಟ್ಟೆ ಒಡೆದು ಮರಿಯಾಗುತ್ತವೆ, ಲೆಕ್ಕ ತಾನಾಗೇ ಇಳಿಯುತ್ತೆ, ಹೆಸರು ಎಣ್ಣೆಗೆ ಬರುತ್ತೆ. ಮನೇಲಿ ಆಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಲ್ಲಿ ವಿಚಾರಿಸಿ.

ಉತ್ತರ 4: ಇಬ್ಬನಿ ಆರೋವರೆಗೂ ಹಿಂಡು ಬಿಡಬೇಡಿ. ಜಂತುವಿನ ಮರಿಹುಳ ಹೆಚ್ಚಾಗಿ ಹುಲ್ಲಿನ ಬುಡದ ನಾಲ್ಕೈದು ಸೆಂಟಿಮೀಟರಲ್ಲೇ ಇರುತ್ತೆ, ಅಷ್ಟು ಕೆಳಗೆ ಮೇಯಿಸಬೇಡಿ.