ಸೀಲ್‌ಗೆ ನಮ್ಮ ಮಾತು ಯಾವುದು: ಬಿರಡೆ, ಬಳೆ, ಸಿಂಬೆ?

ಗೆಳೆಯರೇ,

ನಮ್ಮ ತೋಟದಲ್ಲಿ ಅಪ್ಪನ ಕಾಲದ ಲ್ಯಾಂಡ್ ರೋವರ್ ಒಂದಿದೆ. ಇಂಗ್ಲೆಂಡಿನಲ್ಲಿ 1961ರಿಂದ 1971ರವರೆಗೆ ತಯಾರಾದ ಸೀರೀಸ್ 2ಎ, ಪೆಟ್ರೋಲ್ ಗಾಡಿ. ವಿಲ್ಲೀಸ್ ಜೀಪಿನ ಸಾಮಾನಾದರೆ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಕೇಳಿ ತರಬಹುದು. ಇದಕ್ಕೆ ಹಾಗಲ್ಲ.

ಮಳೆಗಾಲ ಕಳೆದು ಗಾಡಿ ಹೊರಗೆ ತೆಗೆದಾಗ ಶೆಡ್ ತುಂಬ ಪೆಟ್ರೋಲ್ ವಾಸನೆ. ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. "ಒಸರ್ತದಾ, ಜಿನುಗ್ತದಾ, ತೊಟ್ಟಿಕ್ತದಾ?" ಎಂದು ಕೇಳಿದರು. ಅವರ ಲೆಕ್ಕದಲ್ಲಿ ಒಸರುವುದೆಂದರೆ ಸಂದಿಯಲ್ಲಿ ಬರೀ ಪಸೆ. ಜಿನುಗಿದರೆ ಹನಿ ಕಟ್ಟುತ್ತದೆ, ಬೀಳುವುದಿಲ್ಲ. ತೊಟ್ಟಿಕ್ಕಿದರೆ ಗಾಡಿಗೆ ಕೈ ಹಚ್ಚಲೇಬಾರದು. ಸೋರುವುದೆಂಬ ಒಂದೇ ಮಾತಿನಲ್ಲಿ ಇಷ್ಟು ತಿಳಿಯುತ್ತಿತ್ತಾ? ನಿಮ್ಮ ಕಡೆಯೂ ಈ ಮೂರಕ್ಕೆ ಇದೇ ಅಳತೆಯಾ, ತಿಳಿಸಿ.

ನಮ್ಮದು ಜಿನುಗುತ್ತಿತ್ತು. ಪೆಟ್ರೋಲ್ ಪಂಪಿನ ಕೆಳಗೆ ಕಸ ನಿಲ್ಲಲು ಒಂದು ಗಾಜಿನ ಬಟ್ಟಲಿದೆ. ಅದರ ಬಾಯಿಗೆ ಬೆಂಡಿನ ಉಂಗುರ. ಅದು ಒಣಗಿ ಪೆಡಸಾಗಿತ್ತು.

ತೊಂದರೆ ಶುರುವಾದದ್ದು ಇಲ್ಲಿ. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ "ಪ್ಯಾಕಿಂಗ್" ಎಂದೆ. ಪಂಪನ್ನು ಇಂಜಿನಿಗೆ ಕೂರಿಸುವ ಕಾಗದದ ಪ್ಯಾಕಿಂಗ್ ಬಂತು. ಆಮೇಲೆ "ಸೀಲ್" ಎಂದೆ. ತಿರುಗುವ ಶಾಫ್ಟಿಗೆ ಹಾಕುವ ಆಯಿಲ್ ಸೀಲ್ ಬಂತು. ಅವರದೇನೂ ತಪ್ಪಿಲ್ಲ, ನನ್ನ ಮಾತೇ ಸಾಲಲಿಲ್ಲ. ನಿಘಂಟು ನೋಡಿದರೆ ಸೀಲ್ ಅಂದರೆ ಮುದ್ರೆ, ಮೊಹರು. ಅದು ಕಚೇರಿಯ ಸೀಲು.

ಬಿರಡೆ, ಬೂಚು ಎರಡೂ ತೂತಿನೊಳಗೆ ತುರುಕುವಂಥವು. ಸೀಸೆಯ ಬಾಯಿ ಮುಚ್ಚುತ್ತವೆ. ನಮ್ಮ ಬಟ್ಟಲಿನ ಉಂಗುರ ಏನನ್ನೂ ಮುಚ್ಚುವುದಿಲ್ಲ, ಪೆಟ್ರೋಲ್ ಇದರ ನಡುವೆಯೇ ಓಡಾಡಬೇಕು. ಬಳೆ ಎನ್ನಬಹುದು, ಆದರೆ ಅದು ಆಕಾರವನ್ನಷ್ಟೇ ಹೇಳುತ್ತದೆ. ಬಳೆಯನ್ನು ಅದುಮಿದರೆ ಒಡೆಯುತ್ತದೆ, ಇದು ಅದುಮಿದರೇನೇ ಕೆಲಸ ಮಾಡುವುದು. ಎರಡು ಗಟ್ಟಿ ವಸ್ತುಗಳ ನಡುವೆ ಅಮುಕಿಸಿಕೊಂಡು, ಉಬ್ಬುತಗ್ಗಿಗೆ ತಕ್ಕಂತೆ ಹರಡಿ ಸಂದಿ ತುಂಬುತ್ತದೆ.

ಆಗ ನೆನಪಾದದ್ದು ಸಿಂಬೆ. ಕೊಡದ ಭಾರಕ್ಕೆ ಅಮುಕಿ ತಲೆಗೂ ಕೊಡಕ್ಕೂ ಹೊಂದಿಕೊಳ್ಳುತ್ತದಲ್ವಾ? ನಮ್ಮ ಗಾಡಿಯಲ್ಲಿ ಬಟ್ಟಲು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ, ಹಾಗಾಗಿ ಇದು ತಲೆಕೆಳಗಾದ ಸಿಂಬೆ. ಸಿಂಬೆ ನೀರು ತಡೆಯುವುದಿಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತು ಸರಿಯೇ. ಆದರೂ ನನಗೆ ಇದೇ ಜಾಸ್ತಿ ಹಿಡಿಸಿದೆ. ಯಾವುದಾದರೂ ಗ್ಯಾರೇಜಿನಲ್ಲಿ, ಪಂಪ್ ರಿಪೇರಿಯವರ ಬಾಯಲ್ಲಿ ಈ ಮಾತು ಕೇಳಿದ್ದೀರಾ?

ಇನ್ನೊಂದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುವುದರಿಂದ ಅದನ್ನು ತಡೆದುಕೊಳ್ಳುವ ವಿಟಾನ್ ಎಂಬ ರಬ್ಬರಿನ ಉಂಗುರವೇ ಬೇಕೆಂದು ಅಣ್ಣ ಹೇಳಿದರು. ಬ್ರೇಕಿನ ರಬ್ಬರು ಹಾಕಿದರೆ ಪೆಟ್ರೋಲ್ ಕುಡಿದು "ಊದಿಕೊಳ್ತದೆ" ಎಂದರು. ರಬ್ಬರು ಊದುವುದಾ, ಉಬ್ಬುವುದಾ? ನಾನು ಉಬ್ಬುವುದು ಎನ್ನುತ್ತಿದ್ದೆ. ಅವರು ಮೈ ಊದಿದಂತೆ ಹೇಳಿದರು. ನಿಮ್ಮ ಊರಲ್ಲಿ ಹೇಗೆ?