ಬೇಕಲದ ಕೊಲ್ಲಿ ಮತ್ತು ಕೋಟೆ: ಮಕ್ಕಳಿಗೆ ಎಲ್ಲಿಂದ ತೋರಿಸಲಿ?

ಬದಿಯಡ್ಕದಿಂದ ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ದಿನ ನಮ್ಮ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಕರಕೊಂಡು ಹೋಗಬೇಕು. ಬರೀ ಫೋಟೊ ತೆಗೆದು ಬರುವ ಪ್ರವಾಸ ಬೇಡ, ಭೂಗೋಳ ಚರಿತ್ರೆ ಎರಡೂ ಕಣ್ಣಿಗೆ ಕಾಣಬೇಕು. ಎಲ್ಲಿಂದ ಶುರು ಮಾಡಲಿ?

ಕಾಞಂಗಾಡಿನಿಂದ: ಟೀಚರ್, ಕೋಟೆಬಾಗಿಲಿಗೆ ಮೊದಲೇ ಹೋಗಬೇಡಿ, ಹೊರಗಿನ ಮರಳಿಗೆ ಇಳಿಸಿ. ಕೋಟೆ ಕೂತಿರುವುದು ಕಡಲಿಗೆ ಚಾಚಿದ ಮುರಕಲ್ಲಿನ (ಜಂಬಿಟ್ಟಿಗೆ, ಲ್ಯಾಟರೈಟ್) ಗುಡ್ಡದ ಮೇಲೆ. ಅಲೆಗಳು ಬಾಗಿ ಬಂದು ಈ ಮೂತಿಗೇ ಜೋರಾಗಿ ಬಡಿಯುತ್ತವೆ. ಎರಡೂ ಬದಿಯ ಒಳಬಾಗಿನಲ್ಲಿ ಬಲ ಕುಂದಿ ಮರಳು ಬಿಡುತ್ತವೆ. ಬಂಡೆ ಇಲ್ಲಿ, ಮರಳು ಅಲ್ಲಿ ಯಾಕೆ ಅಂತ ಮಕ್ಕಳೇ ಹೇಳುತ್ತಾರೆ. ಮುರಕಲ್ಲು ನೆಲದೊಳಗೆ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಬುಡದ ಮೆತ್ತನೆ ಪದರವನ್ನು ಅಲೆ ಕೊರೆದರೆ ಮೇಲಿನ ಗಟ್ಟಿ ಹೊದಿಕೆ ತುಂಡಾಗಿ ಕಳಚಿ ಬೀಳುತ್ತದೆ. ಹಾಗಾಗಿ ಅಂಚಿನಡಿಯಲ್ಲಿ ಯಾರನ್ನೂ ಕೂರಿಸಬೇಡಿ. ನೆರಳಿದೆ ಅಂತ ಮಕ್ಕಳು ಮೊದಲು ಓಡುವುದೇ ಅಲ್ಲಿಗೆ.

ಕಡಲಿನ ಇಳಿತದ ಹೊತ್ತು ನೋಡಿಕೊಂಡು ಹೊರಡಿ. ದಿನಕ್ಕೆ ಎರಡು ಸಲ ಇಳಿಯುತ್ತದೆ, ಮರುದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನೀರು ಹೆಚ್ಚು ಹಿಂದೆ ಸರಿಯುತ್ತದೆ, ಆದರೆ ಏರುವುದೂ ಹೆಚ್ಚು. ಜೂನ್, ಜುಲೈ ಬೇಡವೇ ಬೇಡ: ಮಳೆಗಾಲದ ಅಲೆ ಮರಳನ್ನೇ ಎಳೆದೊಯ್ಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಮೇಲ್ಪರಂಬದಿಂದ: ಹೈವೇ ಬಿಟ್ಟು ಕಾಸರಗೋಡಿನಿಂದ ಕರಾವಳಿ ರಸ್ತೆಯಲ್ಲೇ ಬನ್ನಿ. ಚಂದ್ರಗಿರಿ ಸೇತುವೆ ದಾಟಿದರೆ ತೆಂಕಣ ದಡದಲ್ಲಿ ಚಂದ್ರಗಿರಿ ಕೋಟೆ. ಸುಮಾರು 7 ಎಕರೆಯಷ್ಟೇ, ಅರ್ಧ ಗಂಟೆ ಸಾಕು. ಅಲ್ಲಿಂದ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ಕಾಣುತ್ತದೆ: ಹೊಳೆ ಕಾಯಲು ಒಂದು ಕೋಟೆ, ಕಡಲು ಕಾಯಲು ಬೇಕಲದ 40 ಎಕರೆ. ಎರಡನ್ನೂ ನೋಡಿದರೇ ಇವನ್ನು ಕಟ್ಟಿಸಿದ ಕೆಳದಿ ನಾಯಕರ ಲೆಕ್ಕಾಚಾರ ತಿಳಿಯುವುದು.

ಕಾಸರಗೋಡಿನಿಂದ: ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಬೇಕಲ ಟಿಪ್ಪು ಕಟ್ಟಿಸಿದ ಕೋಟೆ ಅಂತ ಮಕ್ಕಳು ಕೇಳಿಕೊಂಡೇ ಬಂದಿರುತ್ತಾರೆ, ತಿದ್ದಿಬಿಡಿ. ಕಟ್ಟಿಸಿದ್ದು 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ಮೈಸೂರಿನ ಕೈಗೆ, 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ. ಆಮೇಲೆ ದಕ್ಷಿಣ ಕನ್ನಡದ ಬೇಕಲ ತಾಲೂಕು. ಅದೇ ಮುಂದೆ ಕಾಸರಗೋಡು ತಾಲೂಕಾಗಿ 1956ರಲ್ಲಿ ಕೇರಳಕ್ಕೆ ಸೇರಿದ್ದು. ಒಳಗೆ ಅರಮನೆ ಹುಡುಕಿ ಬೇಸರ ಪಡಬೇಡಿ, ಇದು ಸೈನ್ಯದ ಕೋಟೆ. ಕಡಲ ಬದಿ ಗೋಡೆಯಲ್ಲಿ ಗುಂಡು ಹಾರಿಸಲು ಬಿಟ್ಟ ಕಂಡಿಗಳ ಹತ್ತಿರ ಸಮಯ ಕೊಡಿ: ಮೇಲಿನದು ದೂರದ ಶತ್ರುವಿಗೆ, ನಡುವಿನದು ಹತ್ತಿರ ಬಂದವರಿಗೆ, ಕೆಳಗಿನದು ಗೋಡೆಬುಡಕ್ಕೇ ಬಂದವರಿಗೆ. ಒಬ್ಬೊಬ್ಬರೇ ಕಣ್ಣಿಟ್ಟು ನೋಡಲಿ. ಬುರುಜಿಗೆ ಹತ್ತುವ ಅಗಲದ ಇಳಿಜಾರು ದಾರಿಯನ್ನೂ, ಮೆಟ್ಟಿಲಿಳಿಯುವ ಕೆರೆಯನ್ನೂ ಬಿಡಬೇಡಿ.

ಉದುಮದಿಂದ: ಬೇಕಲ ಕೋಟೆಗೆ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಹುಟ್ಟಿದ ದಿನ ಇರುವ ಶಾಲೆಯ ಗುರುತುಚೀಟಿ ತನ್ನಿ, ಒಂಬತ್ತನೇ ತರಗತಿಯಲ್ಲಿ ಗೇಟಿನ ಹತ್ತಿರ ತಕರಾರು ಬರುವುದು ವಯಸ್ಸಿಗೇ. ಒಳಗೆ ನೆರಳು ಕಡಿಮೆ, ಹನ್ನೊಂದರೊಳಗೆ ಮುಗಿಸಿ. ತಲೆಗೆ ಟೊಪ್ಪಿ, ಪ್ರತಿಯೊಬ್ಬರಿಗೂ ಒಂದು ಲೀಟರ್ ನೀರು.