ಮನೆಯೊಳಗೆ ಉಚ್ಚೆ, ಹೊಟ್ಟೆ ಮುಟ್ಟಿದರೆ ಗುರ್ ಅನ್ನುತ್ತಾಳೆ: ಟ್ರೈನಿಂಗ್ ತಪ್ಪಿದೆಯಾ?

ಚಿನ್ನಿ ಮನೆ:
ನಮ್ಮ ಚಿನ್ನಿ ಲ್ಯಾಬ್ರಡಾರ್, ಏಳು ವರ್ಷ, 28 ಕೆಜಿ. ಮರಿಯಿದ್ದಾಗ ಬಿಟ್ಟರೆ ಮನೆಯೊಳಗೆ ಗಲೀಜು ಮಾಡಿದವಳೇ ಅಲ್ಲ. ಈಗ ಹತ್ತು ದಿನದಿಂದ ಹಾಲ್‌ನಲ್ಲೇ ಉಚ್ಚೆ. ರಾತ್ರಿಯೂ ಎರಡು ಸಲ. ಮೊನ್ನೆ ಮಗಳು ಹೊಟ್ಟೆ ಸವರಲು ಹೋದರೆ ಗುರ್ ಅಂದಳು. ಟ್ರೈನರ್ "ಹಠ ಜಾಸ್ತಿಯಾಗಿದೆ, ಗದರಿಸಿ" ಅಂದರು. ಸಂಜೆ ಏಳರ ಮೇಲೆ ನೀರಿನ ಬಟ್ಟಲು ಎತ್ತಿಡುತ್ತಿದ್ದೇನೆ. ಇನ್ನೇನು ಮಾಡಲಿ?

ಕರಿಯನ ಅಣ್ಣ:
ಮೊದಲು ಆ ಬಟ್ಟಲು ವಾಪಸ್ ಇಡಿ. ಗದರಿಸಬೇಡಿ. ಇಷ್ಟು ವರ್ಷ ಸರಿಯಾಗಿದ್ದ ನಾಯಿ ಹತ್ತು ದಿನದಲ್ಲಿ ಹಠ ಕಲಿಯುವುದಿಲ್ಲ, ಮೈಯಲ್ಲಿ ಏನೋ ಆಗಿದೆ. ಮಕ್ಕಳಾಗದಂತೆ ಆಪರೇಷನ್ ಮಾಡಿಸಿದ್ದೀರಾ? ಕೊನೆಯ ಸಲ ಹೀಟ್‌ಗೆ, ಅಂದರೆ ಬೆದೆಗೆ, ಬಂದಿದ್ದು ಯಾವಾಗ? ಇವತ್ತು ಎಷ್ಟು ನೀರು ಕುಡಿದಳು?

ಚಿನ್ನಿ ಮನೆ:
ಆಪರೇಷನ್ ಆಗಿಲ್ಲ. ಹೀಟ್ ಮುಗಿದು ಒಂದೂವರೆ ತಿಂಗಳಾಗಿರಬೇಕು. ನೀರು... ಬೆಳಿಗ್ಗೆಯಿಂದ ಲೀಟರ್ ಬಾಟಲಿ ಮೂರು ಸಲ ಖಾಲಿ ಮಾಡಿದ್ದೇನೆ. ಊಟ ಅರ್ಧ ಬಿಡುತ್ತಾಳೆ. ಕೆಳಗಿನಿಂದ ಏನೂ ಸೋರುತ್ತಿಲ್ಲ.

ಕರಿಯನ ಅಣ್ಣ:
ಅಕ್ಕ, ನಾಳೆಗೆ ಕಾಯಬೇಡಿ. ಈಗಲೇ ಹೊರಡಿ, ಸ್ಕ್ಯಾನಿಂಗ್ ಇರುವ ಕಡೆಗೇ ಹೋಗಿ. ಪಯೋಮೆಟ್ರಾ ಇರಬಹುದು, ಅಂದರೆ ಗರ್ಭಕೋಶದಲ್ಲಿ ಕೀವು. ಆಪರೇಷನ್ ಆಗದ ಹೆಣ್ಣು ನಾಯಿಗಳಿಗೆ ಹೀಟ್ ಮುಗಿದ ಒಂದೆರಡು ತಿಂಗಳಲ್ಲಿ ಇದು ಬರುವುದು ಜಾಸ್ತಿ. ಕೀವಿನ ವಿಷ ರಕ್ತಕ್ಕೆ ಸೇರಿ ಕಿಡ್ನಿಗೆ ನೀರು ಹಿಡಿದಿಡಲು ಆಗುವುದಿಲ್ಲ. ಅದಕ್ಕೇ ಅಷ್ಟು ಉಚ್ಚೆ, ಅದಕ್ಕೇ ಅಷ್ಟು ಬಾಯಾರಿಕೆ. ನೀರು ತಪ್ಪಿಸಿದರೆ ಉಚ್ಚೆ ನಿಲ್ಲುವುದಿಲ್ಲ, ಅವಳು ಒಣಗುತ್ತಾಳೆ ಅಷ್ಟೇ. ದಿನಕ್ಕೆ ಕೆಜಿಗೆ 100 ಮಿಲಿ ದಾಟಿದರೆ ಖಂಡಿತ ಹೆಚ್ಚು. ನಿಮ್ಮವಳದು ಈಗಾಗಲೇ ದಾಟಿದೆ.

ಏನೂ ಸೋರುತ್ತಿಲ್ಲ ಅಂತ ಸಮಾಧಾನ ಪಡಬೇಡಿ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಒಳಗೇ ತುಂಬುತ್ತದೆ, ಅದೇ ಹೆಚ್ಚು ಅಪಾಯ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ.

ತೋಟದಮನೆ:
ಇದೇ ಥರ ತೊಂದರೆ ಇರುವ ಬೇರೆಯವರಿಗೂ ಒಂದು ಮಾತು. ನೀರು, ಉಚ್ಚೆ ಎರಡೂ ಜಾಸ್ತಿಯಾಗಿ ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಇರುವೆ ಬರದಿದ್ದರೂ ಮಾಡಿಸಿ. ಸ್ವಲ್ಪ ಸ್ವಲ್ಪ ಉಚ್ಚೆ ಪದೇಪದೇ ಆದರೆ ಮೂತ್ರದ ಸೋಂಕಿರಬಹುದು. ನಮ್ಮ ರಾಜ ತಲೆ ಮುಟ್ಟಿದರೆ ಕಚ್ಚಲು ಬರುತ್ತಿದ್ದ. ಕಿವಿ ಎತ್ತಿ ನೋಡಿದರೆ ಕಪ್ಪು ಮೇಣ, ಹುಳಿ ವಾಸನೆ. ಎರಡು ವಾರ ಡ್ರಾಪ್ಸ್ ಹಾಕಿದ ಮೇಲೆ ತಾನಾಗಿ ತಲೆ ತಂದು ಮಡಿಲಲ್ಲಿಟ್ಟ.

ಚಿನ್ನಿ ಮನೆ:
ಮೂರು ದಿನದ ಮೇಲೆ ಬರೆಯುತ್ತಿದ್ದೇನೆ. ಪಯೋಮೆಟ್ರಾನೇ. ಅವತ್ತು ರಾತ್ರಿಯೇ ಡ್ರಿಪ್ ಹಾಕಿ, ಬೆಳಿಗ್ಗೆ ಗರ್ಭಕೋಶ ತೆಗೆದರು. ಡಾಕ್ಟರ್ ಟ್ರೇಯಲ್ಲಿ ತೋರಿಸಿದರು, ನನ್ನ ತೋಳಿನಷ್ಟು ದಪ್ಪಕ್ಕೆ ಊದಿತ್ತು. ಅಷ್ಟು ನೋವಿಟ್ಟುಕೊಂಡವಳನ್ನು ನಾನು ಗದರಿಸಿದೆನಲ್ಲ ಅಂತ ಅಳು ಬಂತು. ಇವತ್ತು ಮೊಸರನ್ನ ತಿಂದಳು. ಕೊರಳಿಗೆ ಹಾಕಿರುವ ಕೋನ್ ಗೋಡೆಗೆಲ್ಲ ಬಡಿಯುತ್ತದೆ, ಸ್ವಲ್ಪ ಹೊತ್ತು ತೆಗೆಯಬಹುದಾ?

ಕರಿಯನ ಅಣ್ಣ:
ಬೇಡ ಅಕ್ಕ. ಹೊಲಿಗೆ ಬಿಚ್ಚುವವರೆಗೂ ಇರಲಿ, ನೆಕ್ಕಿದರೆ ಗಾಯ ಬಾಯಿ ಬಿಡುತ್ತದೆ. ಊಟಕ್ಕೆ ತೆಗೆದರೂ ಎದುರಿಗೇ ಕೂತಿರಿ.